ರಸಮಟ್ಟ

ಉದ್ದ ನಲವತ್ತಡಿ, ಅಗಲ ಏಳಡಿಗೆ ಎರಡಿಂಚು ಕಡಿಮೆ.
ಹೆಸರು ಡಾಬ್‌ಚಿಕ್, ಅಂದರೆ ಗುಳುಮುಳುಕ.
‘ಮುಳುಗು ಹಾಕುವ ಹಕ್ಕಿಯ ಹೆಸರಿಟ್ಟ ದೋಣಿಯನ್ನು
ದುಡ್ಡು ಕೊಟ್ಟು ಯಾರಾದರೂ ತರುತ್ತಾರಾ?’
ಅಂದಳು ಟೆಸ್ಸಾ, ಲೀಕ್ ಕಡೆಗೆ ಹೋಗುವ ಬಸ್ಸಿನಲ್ಲಿ.
ಆಮೇಲೆ ದಾರಿಯುದ್ದಕ್ಕೂ ಕಿಟಕಿಯ ಜೊತೆಗೇ ಮಾತು.

ಪಿಕ್‌ಸ್ಟಾಕ್ ಬಂದ, ಸುತ್ತಿಗೆ ತಂದ.
ಸಂತೆಯಲ್ಲಿ ಮಡಕೆ ಬಡಿದು ನೋಡುವ ಹಾಗೆ
ಪಕ್ಕೆಗೆ, ಹೊಟ್ಟೆಗೆ, ಬಾಲಕ್ಕೆ ಬಡಿದು ಕಿವಿಗೊಟ್ಟ.
ಗಟ್ಟಿ ನುಡಿದಲ್ಲಿ ಸೀಮೆಸುಣ್ಣದಲ್ಲಿ ಐದು ಬರೆದ,
ಪೊಳ್ಳು ನುಡಿದಲ್ಲಿ ಮೂರು,
ಚುಕ್ಕಾಣಿಯ ಹತ್ತಿರ ಒಂದೂವರೆ ಬರೆದು
ನನ್ನ ಮುಖ ನೋಡಲಿಲ್ಲ.
ತಗಡಿನ ದಪ್ಪ ಅದು, ಮಿಲಿಮೀಟರಿನಲ್ಲಿ.
ಕಟ್ಟಿಗೆಯ ದಿಮ್ಮಿಗಳ ಮೇಲೆ ಕೂತಿತ್ತು ದೋಣಿ,
ಫೇಲಾದ ಹುಡುಗನ ಅಂಕಪಟ್ಟಿ ಮೈಮೇಲೇ ಬರೆದ ಹಾಗೆ.

ನಾನು ಟೈಲ್ಸ್ ಕೂರಿಸುವವ. ಇಪ್ಪತ್ತೆಂಟು ವರ್ಷ
ಬೇರೆಯವರ ಬಚ್ಚಲಲ್ಲಿ ಮಂಡಿಯೂರಿದ್ದೇನೆ.
ಎಲ್ಲಿ ಹೋದರೂ ಚೀಲದಲ್ಲಿ ರಸಮಟ್ಟ.
ನೀರಿಗೆ ಮರಳಿ ಇಳಿಸಿದ ಮೇಲೆ
ಅಡುಗೆಕಟ್ಟೆಯ ಮೇಲೆ ಅಡ್ಡಲಾಗಿ ಇಟ್ಟೆ.
ಗುಳ್ಳೆ ಬಲಕ್ಕೆ ಓಡಿತು, ಗೆರೆ ದಾಟಿತು, ಅಂಚಿಗೆ ಹೋಗಿ ನಿಂತಿತು.
‘ಎಡಕ್ಕೆ ವಾಲಿದೆಯಮ್ಮಾ ನಿಮ್ಮ ದೋಣಿ.’

ಮುರಿಯಲ್ ಓಕ್ಡೆನ್, ಎಪ್ಪತ್ತಾರು ವಯಸ್ಸು.
ನೀರಿಗೆ ಬಿದ್ದರೆ ತೇಲಲೆಂದು
ಬೀಗದ ಕೈಗೆ ಕಟ್ಟಿದ್ದ ಬೆಂಡಿನ ಉಂಡೆಯನ್ನು
ತಿರುಗಿಸುತ್ತ ತಿರುಗಿಸುತ್ತ ಗುಳ್ಳೆಯನ್ನೇ ನೋಡಿದಳು.
‘ಹೌದು,’ ಅಂದಳು, ‘ಒಂದು ವರ್ಷದಿಂದ.’
‘ಮುನ್ನೂರು ಪೌಂಡ್ ಬಿಡಬೇಕಾಗುತ್ತೆ.’
ಬಿಟ್ಟಳು. ಎದುರು ಮಾತಿಲ್ಲ.
ಹೋಗುವಾಗ ಒಲೆಯ ಬಾಗಿಲು ತೆರೆದು, ಮುಚ್ಚಿದಳು.
ಒಳಗೆ ಬೆಂಕಿಯೇನೂ ಇರಲಿಲ್ಲ.

ಗೆದ್ದೆ ಅಂದುಕೊಂಡೆ.

ಫೆಬ್ರವರಿಯೆಲ್ಲ ಕೀಳುವುದೇ ಆಯಿತು.
ಒದ್ದೆ ಕಾರ್ಪೆಟ್ಟು, ಉಬ್ಬಿದ ಪ್ಲೈವುಡ್ಡು,
ಇಲಿ ಕಡಿದ ವೈರು, ಹಸಿರಿನ ಕೆಳಗೆ ಕೆಂಪು, ಕೆಂಪಿನ ಕೆಳಗೆ ಮತ್ತೆ ಹಸಿರು.
ತಳದ ಕಪ್ಪು ನೀರನ್ನು ತಂಬಿಗೆಯಲ್ಲಿ ಮೊಗೆದೆ,
ಮೊಗೆದಷ್ಟೂ ಇತ್ತು.
ಮೂರನೆಯ ಭಾನುವಾರ ಟೆಸ್ಸಾ ಬಂದಳು, ‘ನೋಡಿ ಹೋಗೋಕೆ ಅಷ್ಟೆ’ ಅಂತ.
ಕತ್ತಲಾಗುವವರೆಗೂ ತುಕ್ಕು ಉಜ್ಜಿದಳು.

ಮಾರ್ಚಿನಲ್ಲಿ ನೆಲದ ಹಲಗೆ ಎಬ್ಬಿಸಿದೆವು.
ಎಡಗಡೆ ಸಾಲಾಗಿ ಇಟ್ಟಿಗೆ,
ನೀಲಿಗಪ್ಪು ಇಟ್ಟಿಗೆ, ಈ ಸೀಮೆಯ ಮಣ್ಣಿನದೇ,
ಒಂದೊಂದೂ ನಾಲ್ಕು ಕಿಲೋ.
ಬಲಗಡೆ, ಹಾಸಿಗೆಯಿದ್ದ ಕಡೆ, ಹೆಸರಿಗೊಂದಿಲ್ಲ.
‘ಯಾವ ಪೆದ್ದ ಜೋಡಿಸಿದ್ದು ಇದನ್ನ?’
ಬೈಯುತ್ತಲೇ ಎಣಿಸಿದೆ. ಮೂವತ್ತನಾಲ್ಕು.

ಟೆಸ್ಸಾ ಒಂದನ್ನು ತಿರುಗಿಸಿ ಟಾರ್ಚು ಬಿಟ್ಟಳು.
ಬಿಳಿ ಬಣ್ಣದಲ್ಲಿ, ಹೆಂಗಸಿನ ಅಕ್ಷರ:
ಸೆಡ್ರಿಕ್, ಕ್ರಿಸ್‌ಮಸ್ ಆದಮೇಲೆ, ಇನ್ನೆರಡು.
ಇನ್ನೊಂದರ ಮೇಲೆ: ಸಿಗರೇಟು ಬಿಟ್ಟ, ಮೂರು ಸೇರಿಸಿದೆ.
ಮತ್ತೊಂದು, ಹೊಸ ಬಣ್ಣ: ಆಸ್ಪತ್ರೆಯಿಂದ ಬಂದ, ಐದು ತೆಗೆದೆ.
ಆಮೇಲೆ ಯಾವುದರ ಮೇಲೂ ಏನೂ ಇರಲಿಲ್ಲ.

ಗುಳ್ಳೆ ಎತ್ತರದ ಕಡೆಗೇ ಓಡುತ್ತದೆ.
ಕೆಲಸ ಕಲಿತ ಮೊದಲ ದಿನವೇ ಗೊತ್ತಿತ್ತು ನನಗೆ.
ಅಲ್ಲಿ ಯಾಕೆ ಎತ್ತರವಾಯಿತೆಂದು
ಕೇಳುವ ಬುದ್ಧಿ ಮಾತ್ರ ಇರಲಿಲ್ಲ, ಬೆಲೆ ಕೇಳಿದ್ದೆ.

ಲಕೋಟೆಯಲ್ಲಿ ಮುನ್ನೂರಿಟ್ಟು ಚೆಡಲ್‌ಟನ್ನಿಗೆ ಹೋದೆ.
ಎರಡನೆಯ ಮಹಡಿ, ಬಾಗಿಲಲ್ಲಿ ಒಗೆದ ಕಾಲುಚೀಲ.
ಲಕೋಟೆಯನ್ನು ಮುಟ್ಟಲೂ ಇಲ್ಲ.
‘ಇಟ್ಟಿಗೆ ಸಿಕ್ಕವಾ?’ ಅಂದಳು.
‘ಹಾಗೇ ಇಟ್ಟಿದ್ದೇನೆ, ಒಂದನ್ನೂ ಕದಲಿಸಿಲ್ಲ.’
‘ಅಯ್ಯೋ ಮಂಕೇ, ದೋಣಿ ಅದು, ಗೋರಿಯಲ್ಲ.
ನಿನ್ನ ಹೆಂಡತಿ ಯಾವ ಕಡೆ ಮಲಗುತ್ತಾಳೆ?’
‘ಬಲಕ್ಕೆ.’
‘ತೂಕ ಎಷ್ಟು?’

ಅದು ತಿಳಿಯದೆ ಕೆಲಸ ನಿಂತಿದೆ.
ಇಟ್ಟಿಗೆಗಳೆಲ್ಲ ದಡದ ಮೇಲಿವೆ, ಟಾರ್ಪಾಲಿನ ಕೆಳಗೆ,
ಟೆಸ್ಸಾ ಬಾಯಿ ಬಿಡುವುದನ್ನೇ ಕಾಯುತ್ತ.
ಬರೆದ ಮೂರನ್ನು ಮಾತ್ರ ಆಕೆ
ಒಲೆಯ ಕೆಳಗೆ ಇಟ್ಟಿದ್ದಾಳೆ, ನಟ್ಟನಡುವೆ,
ಯಾವ ಕಡೆಗೂ ಲೆಕ್ಕಕ್ಕೆ ಬಾರದ ಹಾಗೆ.